ಕಾರವಾರದ ಹುಳು, ನಾಗಪುರದ ಪತಂಗ

ಜೂನ್‌ನ ಮೊದಲ ಮಳೆ ಬಿದ್ದ ರಾತ್ರಿ ನಾಗಪುರದ ನಮ್ಮ ವಸತಿಗೃಹದ ಮೆಟ್ಟಿಲ ದೀಪಕ್ಕೆ ಪತಂಗಗಳು ಮುತ್ತುತ್ತವೆ. ಇಲ್ಲಿರುವ ನಾವು ನಾಲ್ಕಾರು ಕನ್ನಡಿಗರು ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದು, ಹೆಸರು ಹುಡುಕಿ, ಒಂದು ನೋಟ್‌ಬುಕ್ಕಿನಲ್ಲಿ ದಾಖಲಿಸುತ್ತ ಬಂದಿದ್ದೇವೆ. ಕಣಗಿಲೆ ಎಲೆ ತಿಂದು ಬೆಳೆಯುವ ಹಸಿರು ಹಾಕ್‌ಮಾತ್ ಬಂದರೆ ತೊಂದರೆಯಿಲ್ಲ. ಆ ರೆಕ್ಕೆಯ ಚಿತ್ತಾರಕ್ಕೆ ಎರಡನೆಯ ಹೆಸರಿಲ್ಲ. ತೊಡಕಾದದ್ದು ಒಂದು ಕಂದು ಬಣ್ಣದ ಪತಂಗದಿಂದ. ಅದನ್ನು ‘ಹಿಪ್ಪೋಟಿಯಾನ್ ರೊಸೆಟಾ’ ಎಂದು ಬರೆದು ವರ್ಷವೊಂದು ನಿಶ್ಚಿಂತೆಯಿಂದಿದ್ದೆವು. ಆಮೇಲೆ ತಿಳಿಯಿತು: ಅದಕ್ಕೆ ‘ಬೋರ್ಹೇವಿಯೇ’ ಎಂಬ ಸೋದರನಿದ್ದಾನೆ, ಕುಳಿತ ಭಂಗಿಯ ಚಿತ್ರದಿಂದ ಇಬ್ಬರನ್ನು ಬೇರ್ಪಡಿಸುವುದು ವಿಶ್ವಾಸಾರ್ಹವಲ್ಲ, ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಬೇಕು.

ಈ ತಪ್ಪಿನ ಬೆನ್ನು ಹಿಡಿದು ಓದತೊಡಗಿದಾಗ ನಾವು ತಲುಪಿದ್ದು ಕಾರವಾರಕ್ಕೆ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಜಿಲ್ಲೆಯ ಚಿಟ್ಟೆಗಳ ಕುರಿತು 1896–97ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದ ಮೂವರೂ ಸರಕಾರಿ ನೌಕರರು: ಕಲೆಕ್ಟರ್ ಡೇವಿಡ್‌ಸನ್, ಸುಂಕ ಮತ್ತು ಉಪ್ಪಿನ ಇಲಾಖೆಯ ಐಟ್ಕನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್. (ಕಡತಗಳ ನಡುವೆ ಬಿಡುವು ಸಿಗುವುದಿಲ್ಲವೆಂದು ಗೊಣಗುವ ನಮಗೆ ಇದು ಸ್ವಲ್ಪ ಮುಜುಗರದ ಸಂಗತಿ.)

ಅದೇ ಕಾಲದಲ್ಲಿ, 1892ರಿಂದ 1896ರವರೆಗೆ, ಹ್ಯಾಂಪ್ಸನ್ ಭಾರತದ ಪತಂಗಗಳ ನಾಲ್ಕು ಸಂಪುಟಗಳನ್ನು ಹೊರತಂದರು. ನೀಲಗಿರಿಯಲ್ಲಿ ಚಹಾ ತೋಟ ನೋಡಿಕೊಂಡಿದ್ದವರು ಅವರು. ಆದರೂ ಆ ಗ್ರಂಥದ ಮುಖ್ಯ ಆಧಾರ ಸೂಜಿ ಚುಚ್ಚಿಟ್ಟ ಒಣ ಮಾದರಿಗಳೇ. ಬೆಲ್ ಹಿಡಿದ ದಾರಿ ಬೇರೆ. ಹುಳುವನ್ನು ಅದು ಮೇಯುವ ಗಿಡದ ಮೇಲೆಯೇ ಹುಡುಕಿ, ಅದೇ ಎಲೆ ತಿನ್ನಿಸಿ, ಕೋಶ ಕಟ್ಟುವುದನ್ನು ಕಾದು, ಹೊರಬಂದ ಪತಂಗಕ್ಕೆ ಹೆಸರು ಕೂಡಿಸುವುದು. 1937ರಲ್ಲಿ ಸ್ಕಾಟ್ ಜೊತೆ ಅವರು ಬರೆದ ಹಾಕ್‌ಮಾತ್‌ಗಳ ಸಂಪುಟದಲ್ಲಿ ರೆಕ್ಕೆಯ ವಿವರದೊಂದಿಗೆ ಮೊಟ್ಟೆ, ಹುಳು, ಕೋಶ, ಆಹಾರಗಿಡ ಎಲ್ಲವೂ ಬರುವುದು ಹಾಗಾಗಿ. ನಿವೃತ್ತಿಯ ನಂತರವೂ ಬೆಲ್ ಕಾರವಾರದಲ್ಲೇ ನೆಲೆಸಿದರು, ತೀರಿಕೊಂಡದ್ದು 1948ರಲ್ಲಿ.

ನಮ್ಮ ನಾಗಪುರವೂ ಬರಿಗೈಯದಲ್ಲ. ಜನ ಅಜಬ್ ಬಂಗ್ಲಾ ಎನ್ನುವ ಇಲ್ಲಿನ ವಸ್ತುಸಂಗ್ರಹಾಲಯದ ಡಿ’ಅಬ್ರೂ 1931ರಲ್ಲಿ ಮಧ್ಯಪ್ರಾಂತ್ಯದ ಚಿಟ್ಟೆಗಳ ಪಟ್ಟಿ ಪ್ರಕಟಿಸಿದ್ದರು.

ನಮ್ಮ ಚಿತ್ರ ಹೇಳುವುದು ಒಂದು ರಾತ್ರಿಯ ಒಂದು ಕ್ಷಣವನ್ನಷ್ಟೇ. ಆ ಪತಂಗ ಯಾವ ಎಲೆ ತಿಂದಿತ್ತು, ಹುಳುವಾಗಿದ್ದಾಗ ಹೇಗಿತ್ತು ಎಂಬುದು ಅದರಲ್ಲಿಲ್ಲ. ನೋಟ್‌ಬುಕ್ಕಿನಲ್ಲಿ ‘ರೊಸೆಟಾ’ ಎಂಬುದನ್ನು ಹೊಡೆದುಹಾಕಿ ‘ಹಿಪ್ಪೋಟಿಯಾನ್, ಪ್ರಭೇದ ತಿಳಿಯದು’ ಎಂದು ತಿದ್ದಿದ್ದೇವೆ. ಈ ಸಲ ಕಾಂಪೌಂಡಿನ ಕಣಗಿಲೆಯಿಂದ ಎರಡು ಹುಳುಗಳನ್ನು ತಂದು ಗಾಜಿನ ಭರಣಿಯಲ್ಲಿಟ್ಟಿದ್ದೇವೆ. ದಿನಕ್ಕೆರಡು ಬಾರಿ ಹೊಸ ಎಲೆ ಹಾಕಬೇಕಾಗುತ್ತದೆ.