ಹಳೆ ಕಾರಿನಲ್ಲಿ ಚಾರ್ಜ್ ನಿಲ್ಲುತ್ತಿಲ್ಲವೇ? ಹೊಸ ಬ್ಯಾಟರಿಗೆ ಮೊದಲು ಇಷ್ಟು ನೋಡಿ

ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆಯ ಹಲವು ಅಂಗಳಗಳಲ್ಲಿ ಈಗಲೂ ಹಳೆ ಮಾರುತಿ 800 ಅಥವಾ ಓಮ್ನಿ ನಿಂತಿರುತ್ತದೆ. ಯಜಮಾನರು ಗಲ್ಫ್‌ನಲ್ಲಿ, ಕಾರು ತಿಂಗಳುಗಟ್ಟಲೆ ಟಾರ್ಪಾಲಿನಡಿ. ರಜೆಗೆ ಬಂದು ಚಾವಿ ತಿರುಗಿಸಿದರೆ 'ಕಟ್ ಕಟ್' ಶಬ್ದ ಮಾತ್ರ. ಕೂಡಲೇ ಹೊಸ ಬ್ಯಾಟರಿ ಹಾಕಿಸುವುದು ರೂಢಿ. ಎರಡೇ ವಾರದಲ್ಲಿ ಅದೂ ಡೌನ್ ಆದರೆ ಸಾವಿರಾರು ರೂಪಾಯಿ ನೀರುಪಾಲು. ರಾತ್ರಿ ಆಸ್ಪತ್ರೆಗೆ ಹೊರಡುವಾಗ ಕೈಕೊಟ್ಟರೆ ಇನ್ನೂ ಕಷ್ಟ.

ಬ್ಯಾಟರಿ ಕರೆಂಟ್ ಕೂಡಿಡುತ್ತದೆ ಅಷ್ಟೆ. ಇಂಜಿನ್ ಓಡುವಾಗ ಅದನ್ನು ತುಂಬಿಸುವುದು ಆಲ್ಟರ್ನೇಟರ್. ತೀರಾ ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಡೈನಮೋ ಇತ್ತು. ಅದು ಐಡ್ಲಿಂಗ್‌ನಲ್ಲಿ ಚಾರ್ಜ್ ಕಡಿಮೆ ಕೊಡುವುದು ಸಹಜ.

ಪರೀಕ್ಷೆಗೆ ಕಡಿಮೆ ಬೆಲೆಯ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ಇಟ್ಟು, ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಹಿಡಿಯಬೇಕು. 12.6 ಆಸುಪಾಸು ಬಂದರೆ ಚಾರ್ಜ್ ಫುಲ್. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಈಗ ಇಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಆಕ್ಸಿಲೇಟರ್ ಕೊಟ್ಟು ನೋಡಿದರೆ 13.8ರಿಂದ 14.4 ಬರಬೇಕು. ಹೆಡ್‌ಲೈಟ್ ಹಾಕಿದರೂ 13ಕ್ಕಿಂತ ಕೆಳಗಿಳಿಯಬಾರದು. ಏರದೆ 12ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ನೀರು ಕುದಿದು ಒಣಗುತ್ತದೆ.

ಹಾಗಂತ ತಕ್ಷಣ ಆಲ್ಟರ್ನೇಟರ್ ಬಿಚ್ಚಿಸುವ ಅರ್ಜೆಂಟ್ ಬೇಡ. ಬೆಲ್ಟ್ ಸಡಿಲವಾಗಿದೆಯೇ? ಸ್ಟಾರ್ಟ್ ಮಾಡುವಾಗ ಕಿರ್ರೆಂದರೆ ಅದು ಜಾರುತ್ತಿದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆಯೇ? ನಮ್ಮ ಕಡಲ ಕರೆಯ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ವೈರಿನ ತುದಿ, ಬಾಡಿಗೆ ಕೂರಿಸಿದ ಅರ್ತ್ ಬೋಲ್ಟ್ ಬೇಗ ತುಕ್ಕು ಹಿಡಿಯುತ್ತವೆ. ಇಂಜಿನ್ ಓಡುತ್ತಿರುವಾಗ, ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಆಲ್ಟರ್ನೇಟರ್ ಬಾಡಿಗೆ ಹಿಡಿದರೆ ಸುಮಾರು 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಬಾರದು. ತೋರಿಸಿದರೆ ಅರ್ತ್ ಸರಿಯಿಲ್ಲ. ಸ್ಯಾಂಡ್ ಪೇಪರ್ ಉಜ್ಜಿದರೆ ಮುಗಿಯುವ ಕೆಲಸ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಚಾವಿ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಉರಿಯಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹಲವು ಹಳೆ ಕಾರುಗಳಲ್ಲಿ ಆಲ್ಟರ್ನೇಟರ್ ಕೆಲಸ ಶುರು ಮಾಡಲು ಬೇಕಾದ ಮೊದಲ ಕರೆಂಟ್ ಈ ಬಲ್ಬ್ ಮೂಲಕವೇ ಹೋಗುತ್ತದೆ. ಸಣ್ಣ ಬಲ್ಬ್ ಸುಟ್ಟರೂ ಚಾರ್ಜಿಂಗ್ ನಿಲ್ಲಬಹುದು. ಬಲ್ಬ್, ಫ್ಯೂಸ್ ಎಲ್ಲ ಸರಿಯಿದ್ದೂ ವೋಲ್ಟ್ ಏರದಿದ್ದರೆ ಆಗ ಕಾರ್ಬನ್ ಬ್ರಶ್, ಡಯೋಡ್ ನೋಡಿಸಬೇಕು. ಬ್ರಶ್ ಸವೆದದ್ದಾದರೆ ಇಡೀ ಆಲ್ಟರ್ನೇಟರ್ ಬದಲಿಸುವ ಅಗತ್ಯವಿಲ್ಲ.

ಚಾರ್ಜಿಂಗ್ ಸರಿಯಿದ್ದರೂ ನಿಂತಲ್ಲೇ ಬ್ಯಾಟರಿ ಇಳಿದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಮತ್ತೆ ಹಾಕಿಸಿದ ಸ್ಟಿರಿಯೊ, ಡಿಕ್ಕಿ ಲೈಟ್ ಮೇಲೆ ಮೊದಲ ಅನುಮಾನ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿಗೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡುವುದೇ ಸುಲಭ ದಾರಿ.

ಕೆಲವು ಹಳೆ ಮೆಕ್ಯಾನಿಕ್‌ಗಳು ಇಂಜಿನ್ ಓಡುವಾಗಲೇ ಟರ್ಮಿನಲ್ ಕಳಚಿ 'ಆಫ್ ಆಗದಿದ್ದರೆ ಆಲ್ಟರ್ನೇಟರ್ ಓಕೆ' ಅನ್ನುತ್ತಾರೆ. ಇದಕ್ಕೆ ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಡಯೋಡ್, ಎಂಪಿಎಫ್‌ಐ ಕಾರಾದರೆ ಇಸಿಎಂ ಕೂಡ ಸುಟ್ಟುಹೋಗಬಹುದು.