ಪುಟ ಸಂಚಾರದಲ್ಲಿ ಈವೆಂಟ್ ಹ್ಯಾಂಡ್ಲರ್ ಮೆಮೊರಿ ಸೋರಿಕೆ

ಈವೆಂಟ್ ಹ್ಯಾಂಡ್ಲರ್ ಮೆಮೊರಿ ಸೋರಿಕೆ ಎಂಬುದು ಗಣಕ ತಂತ್ರಾಂಶಗಳಲ್ಲಿ ಕಂಡುಬರುವ ಒಂದು ದೋಷ. ಆಪ್‌ನ ಒಂದು ಪುಟವು ತನಗಿಂತ ದೀರ್ಘಕಾಲ ಬದುಕುವ ಇನ್ನೊಂದು ವಸ್ತುವಿನ ಈವೆಂಟ್‌ಗೆ ತನ್ನನ್ನು ನೋಂದಾಯಿಸಿಕೊಂಡು, ಬಳಕೆದಾರರು ಆ ಪುಟವನ್ನು ಬಿಟ್ಟು ಹೋದ ಮೇಲೆಯೂ ನೋಂದಣಿಯನ್ನು ರದ್ದುಪಡಿಸದೆ ಇದ್ದಾಗ ಇದು ಉಂಟಾಗುತ್ತದೆ. ಪುಟವು ಪರದೆಯಿಂದ ಮರೆಯಾದರೂ ಮೆಮೊರಿಯಿಂದ ಮರೆಯಾಗುವುದಿಲ್ಲ. ಅದೇ ಪುಟಕ್ಕೆ ಮತ್ತೆ ಮತ್ತೆ ಹೋಗಿ ಬಂದಂತೆಲ್ಲ ಅದರ ಹಳೆಯ ಪ್ರತಿಗಳು ಒಂದೊಂದಾಗಿ ಕೂಡಿಬೀಳುತ್ತವೆ. ತಂತ್ರಾಂಶ ವಿನ್ಯಾಸದ ಸಾಹಿತ್ಯದಲ್ಲಿ ಇದಕ್ಕೆ 'ಲ್ಯಾಪ್ಸ್ಡ್ ಲಿಸನರ್' ಸಮಸ್ಯೆ ಎಂಬ ಹೆಸರಿದೆ. ಡಾಟ್‌ನೆಟ್, ಜಾವಾಸ್ಕ್ರಿಪ್ಟ್, ಆಂಡ್ರಾಯ್ಡ್, ಐಒಎಸ್ ಮುಂತಾದ ಎಲ್ಲ ಪ್ರಮುಖ ವೇದಿಕೆಗಳಲ್ಲಿಯೂ ಈ ದೋಷ ಕಾಣಿಸಿಕೊಳ್ಳುತ್ತದೆ. ಈ ಲೇಖನವು ಮುಖ್ಯವಾಗಿ ಡಾಟ್‌ನೆಟ್ ಆಧಾರಿತ ಆಪ್‌ಗಳನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ.

ಹಿನ್ನೆಲೆ

ಹಳೆಯ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮೆಮೊರಿಯನ್ನು ಪಡೆಯುವುದೂ ಹಿಂದಿರುಗಿಸುವುದೂ ಪ್ರೋಗ್ರಾಮರನ ಹೊಣೆಯಾಗಿತ್ತು. ಈ ಹೊಣೆಯನ್ನು ಯಂತ್ರಕ್ಕೇ ವಹಿಸುವ ವಿಧಾನವೇ ಗಾರ್ಬೇಜ್ ಕಲೆಕ್ಷನ್. ಇದನ್ನು ಜಾನ್ ಮೆಕಾರ್ಥಿ ಅವರು ಲಿಸ್ಪ್ ಭಾಷೆಗಾಗಿ 1959ರ ಸುಮಾರಿಗೆ ರೂಪಿಸಿದರು. ಜಾವಾ, ಸಿ ಶಾರ್ಪ್, ಜಾವಾಸ್ಕ್ರಿಪ್ಟ್ ಭಾಷೆಗಳು ಇದೇ ತತ್ತ್ವವನ್ನು ಅನುಸರಿಸುತ್ತವೆ.

ಗಾರ್ಬೇಜ್ ಕಲೆಕ್ಟರ್ 'ಈ ವಸ್ತು ಇನ್ನು ಬೇಕೇ, ಬೇಡವೇ' ಎಂದು ಯೋಚಿಸುವುದಿಲ್ಲ. 'ಈ ವಸ್ತುವನ್ನು ತಲುಪಲು ದಾರಿ ಇದೆಯೇ' ಎಂಬುದನ್ನು ಮಾತ್ರ ಅದು ಪರೀಕ್ಷಿಸುತ್ತದೆ. ಸ್ಥಿರ (ಸ್ಟ್ಯಾಟಿಕ್) ಚರಗಳು, ಚಾಲನೆಯಲ್ಲಿರುವ ವಿಧಾನಗಳ ಸ್ಥಳೀಯ ಚರಗಳು ಮುಂತಾದವು ಬೇರುಗಳು ಎನಿಸಿಕೊಳ್ಳುತ್ತವೆ. ಈ ಬೇರುಗಳಿಂದ ಹೊರಟು ಉಲ್ಲೇಖಗಳ ಸರಣಿಯನ್ನು ಹಿಡಿದು ಸಾಗಿದಾಗ ಸಿಗುವ ಎಲ್ಲ ವಸ್ತುಗಳೂ ಜೀವಂತವೆಂದು ಪರಿಗಣಿತವಾಗುತ್ತವೆ, ಸಿಗದವುಗಳ ಜಾಗ ಮಾತ್ರ ತೆರವಾಗುತ್ತದೆ. ಆದ್ದರಿಂದ ಯಾರಿಗೂ ಬೇಡವಾದ, ಆದರೆ ಎಲ್ಲೋ ಒಂದು ಉಲ್ಲೇಖ ಉಳಿದುಕೊಂಡಿರುವ ವಸ್ತುವನ್ನು ಕಲೆಕ್ಟರ್ ಮುಟ್ಟುವುದಿಲ್ಲ. 'ಗಾರ್ಬೇಜ್ ಕಲೆಕ್ಷನ್ ಇರುವ ಭಾಷೆಯಲ್ಲಿ ಸೋರಿಕೆ ಆಗದು' ಎಂಬ ನಂಬಿಕೆ ತಪ್ಪಾಗುವುದು ಇಲ್ಲಿಯೇ.

ಸೋರಿಕೆಯ ಕಾರಣ

ಈವೆಂಟ್ ವ್ಯವಸ್ಥೆಯು ವೀಕ್ಷಕ (ಅಬ್ಸರ್ವರ್) ವಿನ್ಯಾಸ ಮಾದರಿಯ ಒಂದು ರೂಪ. ಈವೆಂಟನ್ನು ಹೊರಡಿಸುವ ವಸ್ತುವನ್ನು ಪ್ರಕಾಶಕ ಎಂದೂ ಅದಕ್ಕೆ ಕಿವಿಗೊಡುವ ವಸ್ತುವನ್ನು ಚಂದಾದಾರ ಎಂದೂ ಕರೆಯಬಹುದು. ಸಿ ಶಾರ್ಪ್‌ನಲ್ಲಿ += ಚಿಹ್ನೆಯಿಂದ ನೋಂದಣಿಯೂ -= ಚಿಹ್ನೆಯಿಂದ ನೋಂದಣಿ ರದ್ದತಿಯೂ ನಡೆಯುತ್ತವೆ. ನೋಂದಾಯಿಸಿಕೊಂಡಾಗ ಡೆಲಿಗೇಟ್ ಎಂಬ ಪುಟ್ಟ ವಸ್ತುವೊಂದು ಸೃಷ್ಟಿಯಾಗಿ ಪ್ರಕಾಶಕನ ಪಟ್ಟಿಯನ್ನು ಸೇರುತ್ತದೆ. ಯಾವ ವಿಧಾನವನ್ನು ಕರೆಯಬೇಕು, ಅದು ಯಾವ ವಸ್ತುವಿಗೆ ಸೇರಿದ್ದು ಎಂಬ ಎರಡೂ ವಿವರಗಳು ಈ ಡೆಲಿಗೇಟ್‌ನಲ್ಲಿರುತ್ತವೆ.

ಇಲ್ಲಿ ಗಮನಿಸಬೇಕಾದದ್ದು ಉಲ್ಲೇಖದ ದಿಕ್ಕು. ಕೋಡ್ ಓದುವಾಗ ಪುಟವು ಪ್ರಕಾಶಕನನ್ನು ಹಿಡಿದುಕೊಂಡಂತೆ ತೋರುತ್ತದೆ. ವಾಸ್ತವದಲ್ಲಿ ಪ್ರಕಾಶಕನೇ ಡೆಲಿಗೇಟ್‌ನ ಮೂಲಕ ಪುಟವನ್ನು ಹಿಡಿದುಕೊಂಡಿರುತ್ತದೆ. ಶಾಲೆಯ ಹಾಜರಿ ಪುಸ್ತಕದ ದೃಷ್ಟಾಂತ ಇದಕ್ಕೆ ಹೊಂದುತ್ತದೆ: ವಿದ್ಯಾರ್ಥಿ ಬೇರೆ ಊರಿಗೆ ಹೋಗಿದ್ದರೂ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕದಿದ್ದರೆ ದಾಖಲೆಯ ಪ್ರಕಾರ ಅವನು ಅದೇ ತರಗತಿಯವನು. ದಿನವೂ ಅವನ ಹೆಸರನ್ನು ಕೂಗಲಾಗುತ್ತದೆ, ಅವನ ಸ್ಥಾನವನ್ನು ಬೇರೆಯವರಿಗೆ ಕೊಡಲಾಗುವುದಿಲ್ಲ.

ಪ್ರಕಾಶಕ ಮತ್ತು ಚಂದಾದಾರ ಒಟ್ಟಿಗೆ ಅಳಿಯುವಂತಿದ್ದರೆ ತೊಂದರೆಯಿಲ್ಲ. ಪುಟವು ತನ್ನದೇ ಒಂದು ಗುಂಡಿಯ ಕ್ಲಿಕ್ ಈವೆಂಟ್‌ಗೆ ನೋಂದಾಯಿಸಿಕೊಂಡರೆ ಇಬ್ಬರೂ ಪರಸ್ಪರ ಹಿಡಿದುಕೊಂಡಿದ್ದರೂ ಬೇರುಗಳಿಂದ ಅವರಿಗೆ ದಾರಿಯಿರುವುದಿಲ್ಲ, ಹಾಗಾಗಿ ಇಬ್ಬರೂ ಒಟ್ಟಿಗೆ ತೆರವಾಗುತ್ತಾರೆ. ಪ್ರಕಾಶಕನ ಆಯುಷ್ಯ ಪುಟದ ಆಯುಷ್ಯಕ್ಕಿಂತ ಹೆಚ್ಚಾಗಿದ್ದಾಗ ಮಾತ್ರ ಸೋರಿಕೆ ಉಂಟಾಗುತ್ತದೆ. ಆಪ್‌ನ ಮುಖ್ಯ ಕಿಟಕಿ, ಸ್ಥಿರ ಈವೆಂಟ್‌ಗಳು, ಇಡೀ ಆಪ್‌ಗೆ ಒಂದೇ ಆಗಿರುವ ಸೇವಾ ವಸ್ತುಗಳು, ಓಡುತ್ತಿರುವ ಟೈಮರ್‌ಗಳು ಇಂತಹ ದೀರ್ಘಾಯುಷಿ ಪ್ರಕಾಶಕರು.

ಪುಟ ಸಂಚಾರದ ಪಾತ್ರ

ವಿಂಡೋಸ್‌ನ ಯುಡಬ್ಲ್ಯುಪಿ ಆಪ್‌ಗಳಲ್ಲಿ ಫ್ರೇಮ್ ಎಂಬ ಚೌಕಟ್ಟಿನೊಳಗೆ ಪುಟಗಳು ಬದಲಾಗುತ್ತವೆ. ಪುಟವನ್ನು ಕಾಯ್ದಿರಿಸಬೇಕೆಂದು ಪ್ರತ್ಯೇಕವಾಗಿ ಸೂಚಿಸದಿದ್ದರೆ, ಪ್ರತಿ ಭೇಟಿಗೂ ಪುಟದ ಹೊಸ ಪ್ರತಿಯೊಂದು ಸೃಷ್ಟಿಯಾಗುತ್ತದೆ. ಹಿಂದಿನ ಪ್ರತಿ ಅನಾಥವಾಗಿ ಕಲೆಕ್ಟರ್‌ನ ಪಾಲಾಗಬೇಕು ಎಂಬುದು ಈ ವ್ಯವಸ್ಥೆಯ ನಿರೀಕ್ಷೆ.

ಉದಾಹರಣೆಗೆ, ಪುಸ್ತಕ ಓದುವ ಆಪ್ ಒಂದರಲ್ಲಿ 'ಅಕ್ಷರದ ಗಾತ್ರ ಬದಲಾಗಿದೆ' ಎಂಬ ಈವೆಂಟನ್ನು ಹೊರಡಿಸುವ ಸೆಟ್ಟಿಂಗ್ಸ್ ವಸ್ತು ಇದೆ ಎಂದಿಟ್ಟುಕೊಳ್ಳಬಹುದು. ಅದು ಆಪ್ ಮುಚ್ಚುವವರೆಗೂ ಇರುತ್ತದೆ. ಓದುವ ಪುಟವು ತನ್ನ ಕನ್‌ಸ್ಟ್ರಕ್ಟರ್‌ನಲ್ಲಿಯೇ ಆ ಈವೆಂಟ್‌ಗೆ ನೋಂದಾಯಿಸಿಕೊಂಡು, ಹೊರಹೋಗುವಾಗ ರದ್ದುಪಡಿಸದಿದ್ದರೆ, ಓದುಗರು 40 ಬಾರಿ ಪುಸ್ತಕಗಳನ್ನು ತೆರೆದು ಮುಚ್ಚಿದಾಗ 40 ಓದುವ ಪುಟಗಳು ಮೆಮೊರಿಯಲ್ಲಿ ಉಳಿಯುತ್ತವೆ. ಪುಟವೊಂದಕ್ಕೆ ಚಿತ್ರಗಳೂ ಸೇರಿ 5 ಮೆಗಾಬೈಟ್ ಬೇಕಾದರೆ ಒಟ್ಟು 200 ಮೆಗಾಬೈಟ್ ವ್ಯರ್ಥವಾಗುತ್ತದೆ. ಡೆಲಿಗೇಟ್ ಎಷ್ಟೇ ಚಿಕ್ಕದಾಗಿದ್ದರೂ ಅದು ಪುಟವನ್ನೂ, ಪುಟವು ತನ್ನೊಳಗಿನ ಎಲ್ಲ ಅಂಗಗಳನ್ನೂ ಹಿಡಿದಿಟ್ಟುಕೊಳ್ಳುವುದೇ ಇದಕ್ಕೆ ಕಾರಣ.

ಲಕ್ಷಣಗಳು

ಈ ದೋಷದ ಮುಖ್ಯ ಲಕ್ಷಣಗಳು ಹೀಗಿವೆ:

* ಪುಟಗಳ ನಡುವೆ ಓಡಾಡಿದಂತೆಲ್ಲ ಮೆಮೊರಿ ಬಳಕೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು, ಇಳಿಯದಿರುವುದು.
* ಆಪ್ ಕ್ರಮೇಣ ನಿಧಾನವಾಗುವುದು. ಕೊನೆಗೆ ಅದು ಸ್ಥಗಿತವಾಗಬಹುದು ಅಥವಾ ಕಾರ್ಯಾಚರಣ ವ್ಯವಸ್ಥೆಯೇ ಅದನ್ನು ಮುಚ್ಚಬಹುದು.
* ಒಂದೇ ಕ್ರಿಯೆ ಹಲವು ಬಾರಿ ನಡೆಯುವುದು. ಅಳಿಯದೆ ಉಳಿದ ಪ್ರತಿಯೊಂದು ಪುಟವೂ ಈವೆಂಟ್‌ಗೆ ಓಗೊಡುವುದರಿಂದ ಒಂದು ಸಂದೇಶ ಎರಡು, ಮೂರು ಬಾರಿ ಕಾಣಿಸಿಕೊಳ್ಳಬಹುದು, ಒಂದೇ ದಾಖಲೆ ಹಲವು ಬಾರಿ ಉಳಿಯಬಹುದು.
* ಪರದೆಯಲ್ಲಿಲ್ಲದ ಪುಟದ ಕೋಡ್ ಚಾಲನೆಗೊಂಡು ಅನಿರೀಕ್ಷಿತ ದೋಷಸೂಚನೆಗಳು ಬರುವುದು.

ಮೂರನೆಯ ಲಕ್ಷಣ ಹೆಚ್ಚು ಅಪಾಯಕಾರಿ. ಮೆಮೊರಿ ವ್ಯರ್ಥವಾದರೆ ಆಪ್ ನಿಧಾನವಾಗುತ್ತದೆ, ಆದರೆ ಕ್ರಿಯೆ ಪುನರಾವರ್ತನೆಯಾದರೆ ಬಳಕೆದಾರರ ದತ್ತಾಂಶವೇ ಕೆಡುತ್ತದೆ.

ಪತ್ತೆ ಹಚ್ಚುವ ವಿಧಾನ

ಮೆಮೊರಿ ಬಳಕೆ ಏರಿದೆ ಎಂಬ ಒಂದೇ ಕಾರಣಕ್ಕೆ ಸೋರಿಕೆ ಇದೆ ಎನ್ನಲಾಗದು. ಕಲೆಕ್ಟರ್ ತನಗೆ ಅನುಕೂಲವಾದಾಗ ಕೆಲಸ ಮಾಡುತ್ತದೆ. ಚಿತ್ರಗಳ ಸಂಗ್ರಹ, ಬೇಕೆಂದೇ ಕಾಯ್ದಿರಿಸಿದ ಪುಟಗಳು ಮುಂತಾದವೂ ಮೆಮೊರಿಯನ್ನು ಬಳಸುತ್ತವೆ. ಆದ್ದರಿಂದ ಪರೀಕ್ಷೆಯನ್ನು ಕ್ರಮಬದ್ಧವಾಗಿ ನಡೆಸಬೇಕಾಗುತ್ತದೆ.

1. ಆಪ್ ಆರಂಭವಾದ ಮೇಲೆ ಸಂದೇಹವಿರುವ ಪುಟಕ್ಕೆ ಒಮ್ಮೆ ಹೋಗಿ ಹಿಂದಿರುಗಬೇಕು. ಮೊದಲ ಭೇಟಿಯಲ್ಲಿ ಮಾತ್ರ ನಡೆಯುವ ಸಿದ್ಧತೆಗಳು ಇದರಿಂದ ಮುಗಿಯುತ್ತವೆ.
2. ಕಲೆಕ್ಷನ್ ನಡೆಸಿ ಮೆಮೊರಿಯ ಮೊದಲ ಚಿತ್ರಣವನ್ನು (ಸ್ನ್ಯಾಪ್‌ಶಾಟ್) ತೆಗೆದುಕೊಳ್ಳಬೇಕು.
3. ಅದೇ ಪುಟಕ್ಕೆ 10 ಬಾರಿ ಹೋಗಿ ಬರಬೇಕು.
4. ಮತ್ತೆ ಕಲೆಕ್ಷನ್ ನಡೆಸಿ ಎರಡನೆಯ ಚಿತ್ರಣ ತೆಗೆದು ಎರಡನ್ನೂ ಹೋಲಿಸಬೇಕು.

ಪುಟದ ಪ್ರತಿಗಳ ಸಂಖ್ಯೆ ನಿಖರವಾಗಿ 10ರಷ್ಟು ಏರಿದ್ದರೆ ಸೋರಿಕೆ ಬಹುತೇಕ ಖಚಿತ. ಒಂದೆರಡು ಮಾತ್ರ ಉಳಿದಿದ್ದರೆ ಅದು ತಾತ್ಕಾಲಿಕ ಉಲ್ಲೇಖವಿರಬಹುದು. ಭೇಟಿಗಳ ಸಂಖ್ಯೆಯನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಈ ಕಾರಣಕ್ಕಾಗಿಯೇ.

ಎಷ್ಟು ಪ್ರತಿಗಳು ಉಳಿದಿವೆ ಎಂಬುದು ತಿಳಿದ ಮೇಲೆ ಅವುಗಳನ್ನು ಯಾರು ಹಿಡಿದಿದ್ದಾರೆ ಎಂಬುದನ್ನು ತಿಳಿಯಬೇಕು. ವಿಷುಯಲ್ ಸ್ಟುಡಿಯೋದ ಮೆಮೊರಿ ವಿಶ್ಲೇಷಣಾ ಸಾಧನವು ಉಳಿದ ವಸ್ತುವಿನಿಂದ ಬೇರಿನವರೆಗಿನ ದಾರಿಯನ್ನು ತೋರಿಸುತ್ತದೆ. ವಿನ್‌ಡಿಬಿಜಿ ಸಾಧನದಲ್ಲಿ ಎಸ್‌ಒಎಸ್ ವಿಸ್ತರಣೆಯ ಜಿಸಿರೂಟ್ ಆದೇಶವೂ ಇದೇ ಕೆಲಸ ಮಾಡುತ್ತದೆ. ಮೇಲಿನ ಓದುವ ಆಪ್‌ನಲ್ಲಿ ಈ ದಾರಿ ಹೀಗಿರುತ್ತದೆ: ಸ್ಥಿರ ಚರ → ಸೆಟ್ಟಿಂಗ್ಸ್ ವಸ್ತು → ಡೆಲಿಗೇಟ್ → ಡೆಲಿಗೇಟ್‌ಗಳ ಪಟ್ಟಿ → ಡೆಲಿಗೇಟ್ → ಓದುವ ಪುಟ. ದಾರಿಯ ನಡುವೆ ಡೆಲಿಗೇಟ್ ಕಾಣಿಸಿಕೊಂಡರೆ ಈವೆಂಟ್ ನೋಂದಣಿಯೇ ಕಾರಣವೆಂದು ಬಹುಮಟ್ಟಿಗೆ ತಿಳಿಯಬಹುದು. ಅದರ ಹಿಂದಿನ ವಸ್ತುವೇ ಪ್ರಕಾಶಕ.

ಸಾಧನಗಳಿಲ್ಲದೆಯೂ ಪರೀಕ್ಷಿಸಲು ಸಾಧ್ಯವಿದೆ. ಪುಟಕ್ಕೆ ದುರ್ಬಲ ಉಲ್ಲೇಖವೊಂದನ್ನು (ವೀಕ್ ರೆಫರೆನ್ಸ್) ಇಟ್ಟುಕೊಂಡು, ಪುಟವನ್ನು ಬಿಟ್ಟು, ಕಲೆಕ್ಷನ್ ನಡೆಸಿದ ಮೇಲೆ ಅದು ಇನ್ನೂ ಜೀವಂತವೇ ಎಂದು ನೋಡಬಹುದು. ಈ ಪರೀಕ್ಷೆಯನ್ನು ರಿಲೀಸ್ ಕ್ರಮದಲ್ಲಿ ನಡೆಸುವುದು ಒಳಿತು. ಡೀಬಗ್ ಕ್ರಮದಲ್ಲಿ ಸ್ಥಳೀಯ ಚರಗಳ ಆಯುಷ್ಯ ವಿಧಾನದ ಕೊನೆಯವರೆಗೂ ವಿಸ್ತರಿಸುವುದರಿಂದ ಇಲ್ಲದ ಸೋರಿಕೆ ಇದ್ದಂತೆ ತೋರಬಹುದು.

ಪರಿಹಾರಗಳು

ಜೋಡಿ ನೋಂದಣಿ: ಪುಟವನ್ನು ಪ್ರವೇಶಿಸುವಾಗ ನೋಂದಾಯಿಸಿ, ಬಿಡುವಾಗ ರದ್ದುಪಡಿಸುವುದು ಮೂಲ ಪರಿಹಾರ. ಯುಡಬ್ಲ್ಯುಪಿಯಲ್ಲಿ ಆನ್‌ನ್ಯಾವಿಗೇಟೆಡ್‌ಟು ಮತ್ತು ಆನ್‌ನ್ಯಾವಿಗೇಟೆಡ್‌ಫ್ರಮ್ ಎಂಬ ವಿಧಾನಗಳು ಇದಕ್ಕೆ ತಕ್ಕ ಸ್ಥಳಗಳು. ಕನ್‌ಸ್ಟ್ರಕ್ಟರ್‌ಗೆ ಎದುರುಜೋಡಿಯಾಗಿ ಖಚಿತವಾಗಿ ನಡೆಯುವ ವಿಧಾನವಿಲ್ಲದ ಕಾರಣ ಅಲ್ಲಿ ದೀರ್ಘಾಯುಷಿ ಪ್ರಕಾಶಕರಿಗೆ ನೋಂದಾಯಿಸಿಕೊಳ್ಳುವುದು ಸೂಕ್ತವಲ್ಲ.

ಹೆಸರಿಲ್ಲದ ವಿಧಾನಗಳ ಬಗ್ಗೆ ಎಚ್ಚರ: ಲ್ಯಾಮ್ಡಾ ರೂಪದಲ್ಲಿ ಬರೆದ ಹ್ಯಾಂಡ್ಲರನ್ನು ರದ್ದುಪಡಿಸಲು ಅದೇ ಲ್ಯಾಮ್ಡಾವನ್ನು ಮತ್ತೆ ಬರೆದರೆ ಸಾಲದು, ಅದು ಬೇರೆಯೇ ಡೆಲಿಗೇಟ್ ಆಗುತ್ತದೆ. ಪಟ್ಟಿಯಲ್ಲಿಲ್ಲದ ಡೆಲಿಗೇಟನ್ನು ತೆಗೆಯಲು ಹೋದರೆ ಸಿ ಶಾರ್ಪ್ ಯಾವ ದೋಷವನ್ನೂ ಸೂಚಿಸುವುದಿಲ್ಲವಾದ್ದರಿಂದ ತಪ್ಪು ಗಮನಕ್ಕೆ ಬರುವುದೂ ಇಲ್ಲ. ಹ್ಯಾಂಡ್ಲರಿಗೆ ಹೆಸರು ಕೊಡಬೇಕು ಅಥವಾ ಅದನ್ನು ಒಂದು ಚರದಲ್ಲಿ ಉಳಿಸಿಕೊಳ್ಳಬೇಕು.

ದುರ್ಬಲ ಈವೆಂಟ್‌ಗಳು: ಪ್ರಕಾಶಕನು ಚಂದಾದಾರನನ್ನು ದುರ್ಬಲ ಉಲ್ಲೇಖದಿಂದ ಮಾತ್ರ ಹಿಡಿಯುವ ಮಾದರಿ ಇದು. ಡಬ್ಲ್ಯುಪಿಎಫ್‌ನಲ್ಲಿ ಇದಕ್ಕಾಗಿ ವೀಕ್‌ಈವೆಂಟ್‌ಮ್ಯಾನೇಜರ್ ಎಂಬ ವರ್ಗವಿದೆ. ಆದರೆ ಕಲೆಕ್ಷನ್ ನಡೆಯುವವರೆಗೂ ಹಳೆಯ ಪುಟವು ಈವೆಂಟ್‌ಗಳನ್ನು ಸ್ವೀಕರಿಸುತ್ತಲೇ ಇರುವುದರಿಂದ, ಕ್ರಿಯೆಗಳ ಪುನರಾವರ್ತನೆಗೆ ಇದು ಪೂರ್ಣ ಪರಿಹಾರವಲ್ಲ.

ಇತರ ವೇದಿಕೆಗಳಲ್ಲಿ

ಸಾಂಪ್ರದಾಯಿಕ ಜಾಲತಾಣಗಳಲ್ಲಿ ಪ್ರತಿ ಪುಟವೂ ಹೊಸದಾಗಿ ತೆರೆದುಕೊಳ್ಳುವುದರಿಂದ ಹಿಂದಿನ ಪುಟದ ತಪ್ಪುಗಳು ಅದರೊಡನೆಯೇ ಅಳಿಯುತ್ತಿದ್ದವು. ಒಂದೇ ಪುಟದಲ್ಲಿ ಎಲ್ಲವೂ ನಡೆಯುವ ಜಾಲ ಆಪ್‌ಗಳು ಬಂದ ಮೇಲೆ ಅದೇ ತಪ್ಪುಗಳು ಉಳಿಯತೊಡಗಿದವು. ಜಾವಾಸ್ಕ್ರಿಪ್ಟ್‌ನಲ್ಲಿ ರಿಮೂವ್‌ಈವೆಂಟ್‌ಲಿಸನರ್ ವಿಧಾನಕ್ಕೆ ನೋಂದಣಿಯಲ್ಲಿ ಕೊಟ್ಟ ಅದೇ ಫಂಕ್ಷನ್ನನ್ನು ಕೊಡಬೇಕು. ರಿಯಾಕ್ಟ್ ಗ್ರಂಥಾಲಯದ ಯೂಸ್‌ಎಫೆಕ್ಟ್‌ನಲ್ಲಿ ಶುಚಿಗೊಳಿಸುವ ಫಂಕ್ಷನ್ ಹಿಂದಿರುಗಿಸಲು ಅವಕಾಶವಿದೆ. 2022ರ 18ನೇ ಆವೃತ್ತಿಯಿಂದ ಅದರ ಸ್ಟ್ರಿಕ್ಟ್ ಮೋಡ್, ಮರೆತ ರದ್ದತಿಗಳು ಕಣ್ಣಿಗೆ ಬೀಳಲೆಂದು, ಅಭಿವೃದ್ಧಿಯ ಹಂತದಲ್ಲಿ ಎಫೆಕ್ಟ್‌ಗಳನ್ನು ಬೇಕೆಂದೇ ಎರಡು ಬಾರಿ ನಡೆಸುತ್ತದೆ. ಆಂಡ್ರಾಯ್ಡ್‌ನಲ್ಲಿ ಮುಚ್ಚಿದ ಪರದೆಗಳು ಉಳಿದುಕೊಂಡರೆ ತಾನಾಗಿಯೇ ಎಚ್ಚರಿಸುವ ಲೀಕ್‌ಕ್ಯಾನರಿ ಎಂಬ ಮುಕ್ತ ತಂತ್ರಾಂಶವನ್ನು ಸ್ಕ್ವೇರ್ ಸಂಸ್ಥೆ 2015ರಲ್ಲಿ ಬಿಡುಗಡೆ ಮಾಡಿತು.

ಪ್ರಸಿದ್ಧ ಪ್ರಕರಣ

ಇದೇ ದೋಷ ಪುಟಗಳಿಲ್ಲದ ತಂತ್ರಾಂಶವನ್ನೂ ಕಾಡಬಲ್ಲದು ಎಂಬುದಕ್ಕೆ 2005ರ ಡಾರ್ಪಾ ಗ್ರ್ಯಾಂಡ್ ಚಾಲೆಂಜ್ ಸಾಕ್ಷಿ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಚಾಲಕರಿಲ್ಲದ ವಾಹನಗಳಿಗಾಗಿ ಏರ್ಪಡಿಸಿದ್ದ ಸುಮಾರು 212 ಕಿ.ಮೀ. ದೂರದ ಈ ಸ್ಪರ್ಧೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ 'ಪ್ರಾಸ್ಪೆಕ್ಟ್ ಇಲೆವೆನ್' ವಾಹನವು ಹತ್ತು ಮೈಲಿ ತುಂಬುವ ಮೊದಲೇ ನಿಂತುಹೋಯಿತು. ಅದರ ತಂತ್ರಾಂಶವು ದಾಟಿ ಹೋದ ಅಡೆತಡೆಗಳನ್ನು ತನ್ನ ಪಟ್ಟಿಯಿಂದ ತೆಗೆಯುತ್ತಿತ್ತು. ಆದರೆ ಆ ಅಡೆತಡೆಗಳನ್ನು ಪ್ರತಿನಿಧಿಸುವ ವಸ್ತುಗಳು ಈವೆಂಟ್ ಒಂದಕ್ಕೆ ನೋಂದಾಯಿತವಾಗಿಯೇ ಉಳಿದಿದ್ದರಿಂದ ಕಲೆಕ್ಟರ್ ಅವುಗಳನ್ನು ತೆರವುಗೊಳಿಸಲಿಲ್ಲ. ದಾರಿಯಲ್ಲಿ ಕಂಡ ಪ್ರತಿಯೊಂದು ಅಡೆತಡೆಯೂ ಮೆಮೊರಿಯಲ್ಲಿ ಕೂಡಿಬಿದ್ದು ಗಣಕ ಸೋತಿತು. ಸ್ಪರ್ಧೆ ಮುಗಿದ ಮೇಲೆ ಮೆಮೊರಿ ವಿಶ್ಲೇಷಣಾ ಸಾಧನದ ನೆರವಿನಿಂದ ಕಾರಣ ತಿಳಿಯಿತು. ನೋಂದಣಿಯನ್ನು ರದ್ದುಪಡಿಸುವ ಚಿಕ್ಕ ತಿದ್ದುಪಡಿಯೇ ಅದಕ್ಕೆ ಪರಿಹಾರವಾಗಿತ್ತು.