ಜೀನು ಹಾಕಿದ ಕೂಡಲೇ ಕುದುರೆ ಎಗರುವುದೇಕೆ? ಸುಳಿ ದೋಷವೋ, ಸೊಕ್ಕೋ, ನೋವೋ?

ಕುದುರೆ ಜೀನು ಹಾಕಿಸಿಕೊಳ್ಳಲು ಬಿಡುವುದಿಲ್ಲ. ಮೇಲೆ ಹತ್ತಿದರೆ ತಲೆ ಕೆಳಗೆ ಹಾಕಿ, ಬೆನ್ನು ಬಿಲ್ಲಾಗಿಸಿ ಹಿಂಗಾಲು ಎಸೆಯುತ್ತದೆ. ಹಗ್ಗ ಹಿಡಿದವನನ್ನೇ ಎಳೆದಾಡುತ್ತದೆ. ಇಂಥ ಕುದುರೆಯ ಬಗ್ಗೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ವಿಚಾರಿಸಿದರೆ ಸಾಮಾನ್ಯವಾಗಿ ಮೂರು ಉತ್ತರಗಳು ಸಿಗುತ್ತವೆ. ಒಂದು, ‘ಅದರ ಸುಳಿ ಸರಿ ಇಲ್ಲ’. ಎರಡು, ‘ಕುದರಿಗೆ ಸೊಕ್ಕ ಬಂದದ’. ಮೂರು, ‘ನಾಕು ಚಾಟಿ ಬಿದ್ರ ಸರಿ ಆಗ್ತದ’. ಈ ಲೇಖನದಲ್ಲಿ ನಾವು ಈ ಮೂರೂ ಮಾತುಗಳನ್ನು ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸುತ್ತೇವೆ.

ಚಿಕ್ಕ ಉತ್ತರ ಇಷ್ಟು: ಎಗರುವ ಕುದುರೆಯಲ್ಲಿ ಮೊದಲು ಹುಡುಕಬೇಕಾದದ್ದು ನೋವನ್ನು. ಬೆನ್ನು, ಜೀನು, ಬಾಯಿ, ಗೊರಸು, ಹೊಟ್ಟೆ ಈ ಐದನ್ನು ನೋಡದೆ ಚಾಟಿ ಎತ್ತಿದರೆ ಸವಾರನಿಗೂ ಅಪಾಯ, ಕುದುರೆಗೂ ಹಿಂಸೆ.

ಈ ಸೀಮೆಗೂ ಕುದುರೆಗೂ ಹಳೆಯ ನಂಟು

ವಿಜಯಪುರದ ಆದಿಲ್‌ಶಾಹಿಗಳ ಸೈನ್ಯದ ಬಲ ಕುದುರೆಯ ಮೇಲೆ ನಿಂತಿತ್ತು. ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ಅರಬ್ ಕುದುರೆಗಳು ದಖ್ಖನ್ನಿಗೆ ಬರುತ್ತಿದ್ದವು. 1565ರ ಮಹಾಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ–ತಂಗಡಗಿ ಇರುವುದು ಮುದ್ದೇಬಿಹಾಳ ಭಾಗದ ಕೃಷ್ಣೆಯ ಸೀಮೆಯಲ್ಲಿ. ಇಂಡಿ, ಸಿಂದಗಿ ಕಡೆ ಹರಿಯುವ ಭೀಮಾ ನದಿಯ ಮೇಲ್ಭಾಗದ ಕಣಿವೆ ‘ಭೀಮ್‌ಥಡಿ’ ಎಂಬ ಗಟ್ಟಿಮುಟ್ಟಾದ ಸಣ್ಣ ಕುದುರೆಯ ತವರು. ಮರಾಠಾ ಸೈನ್ಯದಲ್ಲಿ ಹೆಸರು ಮಾಡಿದ ಈ ಕುದುರೆಗೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಪ್ರತ್ಯೇಕ ತಳಿಯೆಂಬ ಮಾನ್ಯತೆ ಕೊಟ್ಟಿದೆ. ಕುರಿ ಹಿಂಡಿನೊಂದಿಗೆ ಊರೂರು ಸುತ್ತುವವರ ಸಾಮಾನು ಹೊರುವುದು ಇಂಥ ತಟ್ಟುಗಳೇ.

ಈಗ ಕುದುರೆಯ ಕೆಲಸ ಬದಲಾಗಿದೆ. ಮದುವೆ ಮೆರವಣಿಗೆ, ಜಾತ್ರೆಯ ಗಾಡಿ ಓಟ, ಟಾಂಗಾ, ಹವ್ಯಾಸದ ಸವಾರಿ ಇಷ್ಟು ಉಳಿದಿವೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಉಳಿದಿರುವ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ. 2012ಕ್ಕೆ ಹೋಲಿಸಿದರೆ ಶೇ 45ಕ್ಕಿಂತ ಹೆಚ್ಚು ಇಳಿಕೆ. ಕುದುರೆಗಳು ಕಡಿಮೆಯಾದಂತೆ ಜೀನು ಹೊಲಿಯುವವರು, ಲಾಳ ಹೊಡೆಯುವವರು, ಕುದುರೆಯ ಮೈ ಓದಬಲ್ಲವರು ಕೂಡ ಕಡಿಮೆಯಾಗುತ್ತಾರೆ. ಊಹೆಗಳು ಹೆಚ್ಚುವುದು ಅಲ್ಲಿಯೇ.

ಎಗರುವುದು ಮೂಲತಃ ಏನು?

ಕುದುರೆ ಬೇಟೆಗೆ ಗುರಿಯಾಗುತ್ತಿದ್ದ ಪ್ರಾಣಿ. ಬೆನ್ನ ಮೇಲೆ ಏನಾದರೂ ಹಾರಿ ಕುಳಿತರೆ ಅದನ್ನು ಕೊಡವಿ ಓಡುವುದು ಅದರ ಜೀವ ಉಳಿಸುತ್ತಿದ್ದ ಪ್ರತಿಕ್ರಿಯೆ. ಪಳಗಿಸುವುದು ಎಂದರೆ ‘ಬೆನ್ನ ಮೇಲಿನ ಭಾರದಿಂದ ಅಪಾಯವಿಲ್ಲ’ ಎಂದು ಅದಕ್ಕೆ ಕಲಿಸುವುದು. ಆ ಭಾರವೇ ನೋವು ಕೊಡತೊಡಗಿದರೆ ಹಳೆಯ ಪ್ರತಿಕ್ರಿಯೆ ಮತ್ತೆ ಹೊರಗೆ ಬರುತ್ತದೆ.

ನಂಬಿಕೆ 1: ಸುಳಿ ನೋಡಿ ಕುದುರೆಯ ಗುಣ ಹೇಳಬಹುದು

ಕೂದಲಿನ ಸುಳಿ ನೋಡಿ ಕುದುರೆ, ಎತ್ತು ಕೊಳ್ಳುವ ಪದ್ಧತಿ ನಮ್ಮಲ್ಲಿ ತುಂಬ ಹಳೆಯದು. ಅಶ್ವಶಾಸ್ತ್ರದ ಗ್ರಂಥಗಳಲ್ಲಿಯೂ ಸುಳಿಗಳ ವಿವರ ಬರುತ್ತದೆ. ವಿಜ್ಞಾನಿಗಳೂ ಇದನ್ನು ತಳ್ಳಿಹಾಕದೆ ಪರೀಕ್ಷಿಸಿದ್ದಾರೆ. ಅಮೆರಿಕದ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣೆಯ ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದ ದನಗಳು ಕಟ್ಟಿ ಹಿಡಿದಾಗ ಹೆಚ್ಚು ಗಾಬರಿಪಟ್ಟವು. ಕುದುರೆಗಳ ಮೇಲೂ ಇಂಥ ಕೆಲವು ಸಣ್ಣ ಅಧ್ಯಯನಗಳು ನಡೆದಿವೆ.

ಆದರೆ ಇವು ಹೇಳುವುದು ಗುಂಪಿನ ಸರಾಸರಿಯ ಮಾತು. ನಿಮ್ಮ ಮುಂದಿರುವ ಒಂದು ಕುದುರೆ ಎಗರುತ್ತದೆಯೇ ಇಲ್ಲವೇ ಎಂದು ಸುಳಿಯಿಂದ ಹೇಳಲಾಗದು. ಸುಳಿ ಮಾಲೀಕನ ಮನೆಗೆ ಕೇಡು ತರುತ್ತದೆ ಎಂಬುದಕ್ಕಂತೂ ಯಾವ ಆಧಾರವೂ ಇಲ್ಲ. ಇನ್ನೊಂದು ಸರಳ ತರ್ಕವೂ ಇದೆ: ಸುಳಿ ಹುಟ್ಟಿನಿಂದಲೇ ಇರುತ್ತದೆ. ಹೋದ ವರ್ಷದವರೆಗೆ ಸುಮ್ಮನಿದ್ದ ಕುದುರೆ ಈ ವರ್ಷ ಎಗರತೊಡಗಿದರೆ ಬದಲಾದದ್ದು ಸುಳಿಯಲ್ಲ, ಬೇರೇನೋ. ಆ ‘ಬೇರೇನೋ’ ಯಾವುದೆಂದು ಹುಡುಕಬೇಕು.

ನಂಬಿಕೆ 2: ಎಗರುವುದು ಸೊಕ್ಕಿನಿಂದ

ಕುದುರೆ ಗೂಢ ಲೆಕ್ಕ ಹಾಕಿ ಯಜಮಾನನನ್ನು ಅವಮಾನಿಸುವುದಿಲ್ಲ. ಬ್ರಿಟನ್ನಿನ ಕುದುರೆ ವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು ಸವಾರಿಯ ವೇಳೆ ಕುದುರೆ ತೋರುವ 24 ವರ್ತನೆಗಳ ಪಟ್ಟಿಯೊಂದನ್ನು 2018ರಲ್ಲಿ ಪ್ರಕಟಿಸಿದರು. ಕಿವಿ ಹಿಂದಕ್ಕೆ ಮಲಗಿಸುವುದು, ಬಾಯಿ ತೆರೆಯುವುದು, ಬಾಲ ಬೀಸುವುದು, ಮುಂದೆ ಹೋಗಲು ಒಪ್ಪದಿರುವುದು, ಎಗರುವುದು, ಮುಂಗಾಲೆತ್ತಿ ನಿಲ್ಲುವುದು ಎಲ್ಲವೂ ಅದರಲ್ಲಿವೆ. ಇವುಗಳಲ್ಲಿ 8 ಅಥವಾ ಹೆಚ್ಚು ಲಕ್ಷಣಗಳು ಒಂದೇ ಕುದುರೆಯಲ್ಲಿ ಕಂಡರೆ ಮೂಳೆ, ಕೀಲು, ಸ್ನಾಯುಗಳ ನೋವಿರುವ ಸಾಧ್ಯತೆ ಹೆಚ್ಚು ಎಂಬುದು ಅವರ ನಿಲುವು. ನಾವು ಸೊಕ್ಕು ಎನ್ನುವ ಬಹುಪಾಲು ವರ್ತನೆಗಳು ಈ ನೋವಿನ ಪಟ್ಟಿಯಲ್ಲಿವೆ.

ಹಾಗೆಂದು ಎಗರುವುದಕ್ಕೆಲ್ಲ ನೋವೇ ಕಾರಣವಲ್ಲ. ದಿನವಿಡೀ ಕಟ್ಟಿಹಾಕಿ, ಹುರುಳಿ, ಕಡಲೆ ಹೆಚ್ಚು ತಿನ್ನಿಸಿ, ವಾರಕ್ಕೊಮ್ಮೆ ಮಾತ್ರ ಬಿಚ್ಚಿದರೆ ಕೂಡಿಟ್ಟ ಕಸುವು ಹೊರಗೆ ಬರಲೇಬೇಕು. ಭಯವೂ ಕಾರಣವಾಗಬಹುದು, ಅರ್ಧಂಬರ್ಧ ಪಳಗಿಸಿದ್ದೂ ಕಾರಣವಾಗಬಹುದು. ಆದರೆ ನೋವಿಲ್ಲ ಎಂದು ಖಚಿತವಾದ ಮೇಲೆ ಇವುಗಳ ಕಡೆ ನೋಡಬೇಕು.

ಮನೆಯಲ್ಲಿಯೇ ನೋಡಬಹುದಾದ ಐದು ಜಾಗಗಳು

ಬೆನ್ನು: ಬೆನ್ನೆಲುಬಿನ ಎರಡೂ ಬದಿ ಅಂಗೈಯಿಂದ ನಿಧಾನವಾಗಿ ಒತ್ತುತ್ತ ಹೋಗಿ. ಒಂದೇ ಜಾಗದಲ್ಲಿ ಕುದುರೆ ಬೆನ್ನು ತಗ್ಗಿಸಿದರೆ, ಕಿವಿ ಮಲಗಿಸಿದರೆ, ಕಚ್ಚಲು ತಿರುಗಿದರೆ ಅಲ್ಲಿ ನೋವಿದೆ. ಜೀನು ಕೂರುವ ಕಡೆ ಬಿಳಿ ಕೂದಲಿನ ಮಚ್ಚೆ ಇದ್ದರೆ ಅದು ಹಿಂದೆ ಒತ್ತಡದಿಂದ ಚರ್ಮಕ್ಕೆ ಆದ ಪೆಟ್ಟಿನ ಗುರುತಾಗಿರಬಹುದು. ಗಾಯವಿದ್ದರೆ ಪೂರ್ತಿ ಮಾಯುವವರೆಗೆ ಜೀನು ಬೇಡ. ಕುದುರೆಗಳಿಗೆ ಧನುರ್ವಾಯು ಬಹಳ ಬೇಗ ತಗಲುವುದರಿಂದ ಲಸಿಕೆಯ ಬಗ್ಗೆ ಪಶುವೈದ್ಯರನ್ನು ಕೇಳಿ.

ಜೀನು ಮತ್ತು ಭಾರ: ಜೀನು ಬೆನ್ನೆಲುಬಿನ ಮೇಲೆ ನೇರವಾಗಿ ಕೂರಬಾರದು. ಹೆಗಲ ದಿಬ್ಬದ ಮೇಲೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಇರಬೇಕು. ಸವಾರಿಯ ನಂತರ ಜೀನು ತೆಗೆದು ಬೆವರು ನೋಡಿ. ಸುತ್ತ ಒದ್ದೆಯಾಗಿ ನಡುವೆ ಒಣ ಮಚ್ಚೆ ಉಳಿದಿದ್ದರೆ ಅಲ್ಲಿ ಒತ್ತಡ ಹೆಚ್ಚಿರಬಹುದು. ಹೊಟ್ಟೆಪಟ್ಟಿಯನ್ನು ಒಂದೇ ಸಲ ಜಗ್ಗಿ ಬಿಗಿಯಬೇಡಿ. ಭಾರದ ಲೆಕ್ಕವೂ ಮುಖ್ಯ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 8 ಕುದುರೆಗಳ ಮೇಲೆ ಅವುಗಳ ತೂಕದ ಶೇ 15, 20, 25 ಮತ್ತು 30ರಷ್ಟು ಭಾರ ಹೊರಿಸಿ ನೋಡಿದರು. ಶೇ 25 ಮತ್ತು 30ರ ಭಾರದಲ್ಲಿ ಸ್ನಾಯುಗಳ ನೋವು, ಬಿಗಿತ ಹೆಚ್ಚಾಯಿತು. ಆದ್ದರಿಂದ ಶೇ 20ನ್ನು ಮಿತಿಯೆಂದು ಹಲವರು ಪಾಲಿಸುತ್ತಾರೆ. 250 ಕಿಲೊ ತೂಗುವ ತಟ್ಟುವಿಗೆ ಇದು 50 ಕಿಲೊ. 70 ಕಿಲೊ ಮದುಮಗ, 15 ಕಿಲೊ ಜೀನು ಮತ್ತು ಅಲಂಕಾರ ಸೇರಿದರೆ ಶೇ 34 ಆಗುತ್ತದೆ!

ಬಾಯಿ: ಕುದುರೆಯ ದವಡೆ ಹಲ್ಲುಗಳು ಸವೆಯುತ್ತ ಮೇಲೇರುತ್ತಲೇ ಇರುತ್ತವೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲವಾದ್ದರಿಂದ ಅಂಚುಗಳು ಚೂಪಾಗಿ ಕೆನ್ನೆ, ನಾಲಿಗೆಯನ್ನು ಕೊರೆಯುತ್ತವೆ. ಅದರ ಮೇಲೆ ಕಡಿವಾಣ ಜಗ್ಗಿದರೆ ಕುದುರೆ ತಲೆ ಕೊಡವದೆ ಇನ್ನೇನು ಮಾಡೀತು? ಮೇವು ಉಗುಳುವುದು, ಒಂದೇ ಬದಿ ಜಗಿಯುವುದು ಇದರ ಸೂಚನೆ. ವರ್ಷಕ್ಕೊಮ್ಮೆಯಾದರೂ ಹಲ್ಲು ತೋರಿಸಿ.

ಗೊರಸು: ಲಾಳ ಮತ್ತು ಗೊರಸನ್ನು 6ರಿಂದ 8 ವಾರಕ್ಕೊಮ್ಮೆ ನೋಡಿಸಬೇಕು. ಸಿಕ್ಕಿಕೊಂಡ ಕಲ್ಲು, ತಪ್ಪು ಜಾಗಕ್ಕೆ ಹೊಡೆದ ಮೊಳೆ, ಗೊರಸಿನ ಬಿಸಿ ಇವನ್ನು ಗಮನಿಸಿ. ಕಾಲು ನೋವಿರುವ ಕುದುರೆ ಕುಂಟಲೇಬೇಕೆಂದಿಲ್ಲ. ಬೆನ್ನು ಬಿಗಿಹಿಡಿದು ನಡೆಯಬಹುದು, ಓಡಿಸಿದಾಗ ಎಗರಬಹುದು.

ಹೊಟ್ಟೆ: ಕುದುರೆಯ ಜಠರದಲ್ಲಿ ಮೇವು ಇದ್ದರೂ ಇಲ್ಲದಿದ್ದರೂ ಆಮ್ಲ ಸ್ರವಿಸುತ್ತಲೇ ಇರುತ್ತದೆ. ಬಹಳ ಹೊತ್ತು ಉಪವಾಸ ಇಟ್ಟು ಓಡಿಸಿದರೆ ಆ ಆಮ್ಲ ಜಠರದ ಮೇಲ್ಭಾಗಕ್ಕೆ ಚಿಮ್ಮಿ ಹುಣ್ಣಾಗಬಹುದು. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು ಇದರಿಂದಲೂ ಇರಬಹುದು. ದಿನಕ್ಕೆ ದೇಹದ ತೂಕದ ಕನಿಷ್ಠ ಶೇ 1.5ರಷ್ಟು ಒಣ ಮೇವು ಬೇಕು. 300 ಕಿಲೊ ಕುದುರೆಗೆ ಅದು 4.5 ಕಿಲೊ. ಸವಾರಿಗೆ ಮೊದಲು ಸ್ವಲ್ಪ ಮೇವು ತಿನ್ನಿಸುವುದು ಒಳ್ಳೆಯದು.

ಬಿಳಿಜೋಳದ ನಾಡಿಗೆ ಒಂದು ಎಚ್ಚರಿಕೆ

ನಮ್ಮ ಭಾಗದಲ್ಲಿ ಜೋಳದ ಕಣಿಕೆಯೇ ಮುಖ್ಯ ಮೇವು. ಎಳೆಯ ಹಸಿ ಜೋಳದಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಬೆಳೆಯಲ್ಲಿ, ಸಯನೈಡ್ ಬಿಡುಗಡೆ ಮಾಡುವ ವಿಷಾಂಶವಿರುತ್ತದೆ. ದನಗಳಿಗೆ ಇದು ಅಪಾಯ ಎಂಬುದು ರೈತರಿಗೆ ಗೊತ್ತು. ಕುದುರೆಗಳು ವಾರಗಟ್ಟಲೆ ಹಸಿ ಜೋಳ ಮೇಯ್ದರೆ ನರಗಳಿಗೆ ಹಾನಿಯಾಗಿ ಹಿಂಗಾಲು ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು ಕಂಡುಬರುತ್ತದೆ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಈ ಅಪಾಯ ಬಹಳ ಕಡಿಮೆ. ಹಿಂಗಾಲಿನ ತೂರಾಟವನ್ನು ಮೊಂಡುತನ ಎಂದುಕೊಂಡು ಸವಾರಿ ಮುಂದುವರಿಸಬೇಡಿ.

ನಂಬಿಕೆ 3: ಚಾಟಿ, ಮುಳ್ಳಿನ ಕಡಿವಾಣದಿಂದ ಸರಿಹೋಗುತ್ತದೆ

ನೋವಿನಿಂದ ಎಗರುವ ಪ್ರಾಣಿಗೆ ಇನ್ನಷ್ಟು ನೋವು ಕೊಟ್ಟರೆ ಅದಕ್ಕೆ ‘ಜೀನು ಎಂದರೆ ನೋವು’ ಎಂಬುದು ಗಟ್ಟಿಯಾಗುತ್ತದೆ. ಎಗರಿದ ಸ್ವಲ್ಪ ಹೊತ್ತಿನ ನಂತರ ಹೊಡೆದರೆ ಯಾವುದಕ್ಕೆ ಹೊಡೆದರು ಎಂಬುದೇ ಅದಕ್ಕೆ ತಿಳಿಯುವುದಿಲ್ಲ. ಪೆಟ್ಟಿಗೆ ಹೆದರಿ ಸುಮ್ಮನಾದ ಕುದುರೆ ಗುಣವಾಗಿದೆ ಎಂದೂ ಅಲ್ಲ, ಮುನ್ಸೂಚನೆ ಕೊಡದೆ ಮತ್ತೊಂದು ದಿನ ಎಗರಬಹುದು.

ಕಾನೂನೂ ಸ್ಪಷ್ಟವಾಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 1965ರಲ್ಲಿ ರೂಪಿಸಿದ, ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳು ಮುಳ್ಳಿನ ಕಡಿವಾಣವನ್ನು ನಿಷೇಧಿಸುತ್ತವೆ. ತಟ್ಟುವಿನ ಬೆನ್ನ ಮೇಲೆ ಹೇರಬಹುದಾದ ಸಾಮಾನಿನ ಮಿತಿ 70 ಕಿಲೊ. ಅಂಥ ಪ್ರಾಣಿಯಿಂದ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸಕ್ಕೆ ಹಚ್ಚುವಂತಿಲ್ಲ. ನಮ್ಮ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲು ಎಷ್ಟೆಂದು ಹೇಳಬೇಕಿಲ್ಲ. ಮದುವೆಗಳ ಕಾಲವೂ ಅದೇ.

ಮೆರವಣಿಗೆಯಲ್ಲಿ ಏನಾಗುತ್ತದೆ?

ಕುದುರೆಗೆ ಸುಮಾರು 33 ಸಾವಿರ ಹರ್ಟ್ಸ್‌ವರೆಗಿನ ಶಬ್ದ ಕೇಳಿಸುತ್ತದೆ. ನಮ್ಮ ಕಿವಿಯ ಮಿತಿ 20 ಸಾವಿರ. ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಅದು ಹೆಚ್ಚುಕಡಿಮೆ ಸುತ್ತಲೂ ನೋಡಬಲ್ಲದು, ಆದರೆ ನೇರ ಬೆನ್ನ ಹಿಂದೆ ಮತ್ತು ಹಣೆಯ ಮುಂದೆ ಕುರುಡು ಜಾಗಗಳಿವೆ. ಹಿಂದಿನಿಂದ ಡಿಜೆ, ಪಕ್ಕದಲ್ಲಿ ಪಟಾಕಿ, ಕಾಲಬಳಿ ಕುಣಿಯುವ ಜನ, ಬೆನ್ನ ಮೇಲೆ ಎಂದೂ ಕುದುರೆ ಹತ್ತದ ಮದುಮಗ. ಓಡಲು ದಾರಿಯಿಲ್ಲದ ಕುದುರೆಗೆ ಎಗರುವುದೊಂದೇ ಉಳಿಯುತ್ತದೆ. ಪಟಾಕಿ ನಿಲ್ಲಿಸಿ, ಡಿಜೆಯನ್ನು ದೂರ ಇಡಿ, ಹಿಂದೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಮಕ್ಕಳನ್ನು ಮದುಮಗನ ಮುಂದೆ ಕೂರಿಸಬೇಡಿ.

ಮತ್ತೆ ಕಲಿಸುವುದು ಹೇಗೆ?

ನೋವು ಹೋದ ಮೇಲೂ ಕೆಲವು ಕುದುರೆಗಳು ಎಗರುತ್ತವೆ. ಎಗರಿದಾಗ ಸವಾರ ಬಿದ್ದ, ಭಾರ ಹೋಯಿತು. ಅಷ್ಟು ಸಾಕು, ಅದು ಪಾಠ ಕಲಿತಂತೆ. ಇದನ್ನು ಬಿಡಿಸಲು ಮೊದಲಿನಿಂದ ಶುರು ಮಾಡಬೇಕು. ಮೊದಲು ಬರೀ ಬಟ್ಟೆ, ನಂತರ ಸಡಿಲ ಜೀನು, ಬಳಿಕ ಉದ್ದ ಹಗ್ಗದಲ್ಲಿ ನಡೆಸುವುದು, ಕೊನೆಗೆ ಹಗುರ ಸವಾರ. ಕುದುರೆ ಶಾಂತವಾಗಿ ಒಪ್ಪಿದ ಕ್ಷಣದಲ್ಲಿಯೇ ಒತ್ತಡ ಬಿಡಬೇಕು, ಅದೇ ಅದಕ್ಕೆ ಬಹುಮಾನ. ಹೆಗಲ ದಿಬ್ಬದ ಬಳಿ ಕೆರೆದರೆ ಕುದುರೆಯ ಹೃದಯ ಬಡಿತ ಇಳಿಯುತ್ತದೆ ಎಂದು 1993ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನ ತೋರಿಸಿದೆ. ಒಂದು ಹಂತ ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬೇಡಿ. ಪಳಗಿಸುವುದು ಗೊತ್ತಿಲ್ಲದಿದ್ದರೆ ಅನುಭವಿಗಳ ಕೈಗೆ ಕೊಡಿ.

ಮೇಲಿರುವಾಗಲೇ ಎಗರಿದರೆ?

ಜೋರಾಗಿ ಎಗರಲು ಕುದುರೆ ತಲೆ ತಗ್ಗಿಸಬೇಕು. ಆದ್ದರಿಂದ ಹಿಂದಕ್ಕೆ ಒರಗಿ ಗಟ್ಟಿಯಾಗಿ ಕುಳಿತು, ಒಂದು ಬದಿಯ ಲಗಾಮನ್ನು ನಿಧಾನವಾಗಿ ಎತ್ತಿ ತಲೆಯನ್ನು ಮೇಲಕ್ಕೂ ಪಕ್ಕಕ್ಕೂ ತನ್ನಿ. ಕುದುರೆ ಸುತ್ತು ತಿರುಗಿದಂತೆ ವೇಗ ಇಳಿಯುತ್ತದೆ. ಎರಡೂ ಲಗಾಮು ಹಿಡಿದು ಜಗ್ಗಾಡಬೇಡಿ. ನಿಂತ ಕೂಡಲೇ ಇಳಿಯಿರಿ, ಆ ದಿನ ಮತ್ತೆ ಹತ್ತದೆ ಕಾರಣ ಹುಡುಕಿ. ಹೆಲ್ಮೆಟ್ ಇಲ್ಲದೆ ಹತ್ತಲೇಬೇಡಿ. ಬಿದ್ದವರಿಗೆ ಎಚ್ಚರ ತಪ್ಪಿದರೆ, ವಾಂತಿಯಾದರೆ, ಕುತ್ತಿಗೆ ನೋವಿದ್ದರೆ ಎತ್ತಿ ಕೂರಿಸದೆ 108ಕ್ಕೆ ಕರೆ ಮಾಡಿ. ಕುದುರೆಗೆ ಪಶುವೈದ್ಯರು ಬೇಕಾದರೆ 1962 ಸಹಾಯವಾಣಿ ಇದೆ. ಮನುಷ್ಯರ ನೋವಿನ ಮಾತ್ರೆಯನ್ನು ಕುದುರೆಗೆ ಕೊಡಬೇಡಿ.

ಕೊನೆಯ ಮಾತು

ಸುಳಿ ದೋಷ: ಆಧಾರವಿಲ್ಲ. ಸೊಕ್ಕು: ಬಹಳ ಸಲ ತಪ್ಪು ಹೆಸರು. ಚಾಟಿ: ಅಪಾಯ ಹೆಚ್ಚಿಸುತ್ತದೆ. ‘ಹುಚ್ಚು ಕುದುರೆ’ ಎಂಬ ಹೆಸರು ಬಿದ್ದ ಪ್ರಾಣಿ ಸಂತೆಯಿಂದ ಸಂತೆಗೆ ಕೈ ಬದಲಾಗುತ್ತ ಹೋಗುತ್ತದೆ, ಅದರ ನೋವೂ ಜೊತೆಗೇ ಹೋಗುತ್ತದೆ, ಮುಂದೆ ಅದನ್ನು ಹತ್ತುವವರಿಗೆ ಅದು ಗೊತ್ತಿರುವುದಿಲ್ಲ. ಮಾರುವ ಮುನ್ನ, ಹೊಡೆಯುವ ಮುನ್ನ, ಜೀನು ಇಳಿಸಿ ಒಮ್ಮೆ ಬೆನ್ನ ಮೇಲೆ ಕೈಯಾಡಿಸಿ ನೋಡಿ.